ನಾವೂ ನಮ್ಮ ಹಿರಿಯರೂ

ನಮ್ಮ ಹಳೆಯ ಲ್ಯಾಬಿನ ಮುಖ್ಯಸ್ಥರು ತೀರಿಕೊಂಡ ಸುದ್ದಿ ಬಂದ ದಿನ ಆ ಲ್ಯಾಬಿನ ವಾಟ್ಸ್ಯಾಪ್ ಗುಂಪಿನವರು ನನಗೊಂದು ಕೆಲಸ ಹಚ್ಚಿದರು. ನಿಮ್ಮ ಊರ ಕಡೆಯವರಲ್ಲವೇ, ನಾಲ್ಕು ಸಾಲು ಬರೆದು ಹಾಕಿ ಎಂದರು. ಬರೆದೆ. ಅಜಾತಶತ್ರು, ಸರಳ ಸಜ್ಜನ, ಎಂದೂ ಯಾರ ಮನಸ್ಸನ್ನೂ ನೋಯಿಸದವರು ಅಂತೆಲ್ಲ. ಮುಗಿಸಿ ಓದಿಕೊಂಡರೆ ನನಗೇ ನಗು ಬಂತು. ಸತ್ತವರ ಬಗ್ಗೆ ಯಾರಾದರೂ ಇಂಥದನ್ನು ಬರೆದರೆ ಅವರು ಫೋನನ್ನು ಮೂಗಿಗೆ ಹತ್ತಿರ ಹಿಡಿದು ಓದಿ, "ಒಂದ ತಪ್ಪೂ ಮಾಡದಾಂವ ಸತ್ತಾನಂದ್ರ, ಹುಟ್ಟಿದ್ದ ಸುಳ್ಳ ಇರಬೇಕು" ಎನ್ನುತ್ತಿದ್ದರು. ನಾಲ್ಕೂ ಸಾಲು ಅಳಿಸಿದೆ. ಎಲ್ಲರಂತೆ ಕೈಮುಗಿದ ಚಿತ್ರ ಹಾಕಿ ಸುಮ್ಮನಾದೆ. ಆ ದಿನ ಬರೆಯಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಅವರ ತಪ್ಪುಗಳಿಂದಲೇ ಶುರು ಮಾಡುತ್ತೇನೆ, ಅವರಿಗೆ ಅದೇ ಸೇರುತ್ತಿತ್ತು.

ಮುಂಗೋಪಿ. ಮಸ್ಕತ್ತಿನ ಗುಬ್ರಾದ ರೌಂಡಬೌಟಿನಲ್ಲಿ ಯಾರಾದರೂ ಅಡ್ಡ ಬಂದರೆ, ಕಾರಿನ ಗಾಜು ಇಳಿಸದೆಯೇ, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಬೈಗುಳಗಳನ್ನು ಸಾಲಾಗಿ ಬಿಡುತ್ತಿದ್ದರು. ಜುಗ್ಗ. ಲ್ಯಾಬಿನಲ್ಲಿ ಕೈ ಒರೆಸಿಕೊಳ್ಳುವ ಕಾಗದವನ್ನು ಎರಡಾಗಿ ಹರಿದು ಅರ್ಧ ಕೊಡುವ ಮಹಾನುಭಾವ. ಇಸ್ಪೀಟಿನಲ್ಲಿ ಪಕ್ಕದವನ ಎಲೆ ಇಣುಕುತ್ತಿದ್ದರು. ಆದರೆ ಸಿಕ್ಕಿಬಿದ್ದರೆ ಉಳಿದವರ ಹಾಗೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಚಸ್ಮಾ ತೆಗೆದು, ಅಂಗಿಯ ಅಂಚಿನಿಂದ ಒರೆಸಿಕೊಳ್ಳುತ್ತ, "ಹೌದಪಾ, ನೋಡ್ದೆ" ಎಂದುಬಿಡುತ್ತಿದ್ದರು. ನಿಜ ಹೇಳುವ ಮೊದಲು ಚಸ್ಮಾ ಒರೆಸುವುದು ಅವರ ಅಭ್ಯಾಸ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಸಮುದ್ರದ ನೀರನ್ನು ಸಿಹಿ ಮಾಡುವ ಒಂದು ಸ್ಥಾವರದಲ್ಲಿ ಅವರು ನೀರು ಪರೀಕ್ಷೆಯ ಲ್ಯಾಬಿನ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಕೆಮಿಸ್ಟು. ಮಸ್ಕತ್ತಿಗೆ ಬಂದ ಹೊಸತರಲ್ಲಿ ಅವರ ಹುಬ್ಬಳ್ಳಿ ಮಾತು ಕೇಳಿ ನನ್ನ ಜೀವ ತಣ್ಣಗಾಗಿತ್ತು. ಹೆಸರು ಮಾತ್ರ ವಿಚಿತ್ರ: ಮುಂದಿನದು ಬೈಬಲ್ಲಿನದು, ಹಿಂದಿನದು ಮರಾಠಿಯವರ ಹಾಗೆ 'ಕರ್' ಎಂದು ಮುಗಿಯುವಂಥದು. ಕ್ರಿಶ್ಚಿಯನ್ ಇರಬೇಕು ಎಂದು ಎಲ್ಲರೂ ಅಂದುಕೊಂಡಿದ್ದೆವು. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಶುಭಾಶಯ ಹೇಳಿದರೆ, "ಹ್ಞಾಂ, ಥ್ಯಾಂಕ್ಯೂ" ಎಂದು ಕೇಕು ತಿನ್ನುತ್ತಿದ್ದರು.

ಅವರು ಯೆಹೂದಿ ಎಂಬುದು ನನಗೆ ಗೊತ್ತಾದದ್ದು ಅವರೇ ಹೇಳಿದಾಗ. ಕೊಂಕಣದ ದಂಡೆಯ ಯೆಹೂದಿಗಳು. ಯಾವುದೋ ಕಾಲದಲ್ಲಿ ಹಡಗು ಒಡೆದು ದಡ ಸೇರಿದವರೆಂದು ಅವರ ಮನೆತನದ ಕಥೆ. ಎಣ್ಣೆಗಾಣ ಹಾಕಿಕೊಂಡು ಬದುಕಿದರು, ಶನಿವಾರ ಅವರ ವಿಶ್ರಾಂತಿಯ ದಿನ, ಅವತ್ತು ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಹಾಗಾಗಿ ಊರವರು ಶನಿವಾರದ ಗಾಣಿಗರು ಎಂದು ಕರೆದರು. ಮುಂದಿನ ತಲೆಮಾರಿನವರು ರೈಲ್ವೆ ಸೇರಿದರು, ಇವರ ಅಪ್ಪ ಹುಬ್ಬಳ್ಳಿಗೆ ಬಂದರು. ಇಷ್ಟನ್ನು ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. ಅವರು ಚಸ್ಮಾ ತೆಗೆದರು.

"ನಮ್ಮ ಮೂಲಪುರುಷ ಅಬ್ರಹಾಮ ಬರಗಾಲ ಬಿತ್ತಂತ ಪರದೇಶಕ್ಕ ಹೋದ. ಹೆಂಡತಿ ಚೆಲುವಿ. ಇಕಿ ಸಲುವಾಗಿ ನನ್ನ ಕೊಂದಾರು ಅಂತ ಹೆದರಿ, ಹೆಂಡತೀನ್ನ ತಂಗಿ ಅಂತ ಹೇಳಿದ. ನಾನೂ ಹಂಗ ಮಾಡೀನಿ. ಇಲ್ಲಿ ಯಾರೂ ನನ್ನ ಏನೂ ಕೇಳಿಲ್ಲ, ಏನೂ ಅಂದಿಲ್ಲ. ಹೆದರಿಕಿ ನಂದ."

ಮೂಲಪುರುಷನ ಬಗ್ಗೆ ಇಂಥ ಮಾತನ್ನು ಇಷ್ಟು ಸಲೀಸಾಗಿ ಆಡಿದ್ದು ನನಗೆ ಒಗ್ಗಲಿಲ್ಲ. ನಿಮ್ಮ ಪಂಡಿತರು ಇದನ್ನು ಒಪ್ಪುತ್ತಾರೆಯೇ ಎಂದೆ. ಅವರಿಗೆ ಅಷ್ಟೇ ಬೇಕಿತ್ತು. ಒಬ್ಬ ಪಂಡಿತ ಅದು ಜೀವ ಉಳಿಸಿಕೊಳ್ಳುವ ಉಪಾಯ, ತಪ್ಪಲ್ಲ ಎನ್ನುತ್ತಾನಂತೆ. ಇನ್ನೊಬ್ಬ, ತಿಳಿಯದೆ ಮಾಡಿದ್ದಾದರೂ ದೊಡ್ಡ ಪಾಪ, ಅದರ ಫಲವನ್ನು ಮಕ್ಕಳು ಮೊಮ್ಮಕ್ಕಳು ಉಂಡರು ಎನ್ನುತ್ತಾನಂತೆ. ದೊಡ್ಡ ಅರಸನೊಬ್ಬ ಪರರ ಹೆಂಡತಿಗೆ ಆಸೆಪಟ್ಟ ಕಥೆಯಲ್ಲಿ, ಅವನು ಪಾಪ ಮಾಡಿದ ಎನ್ನುವವನದೇ ತಪ್ಪು ಎಂದು ವಾದಿಸಿದವರೂ ಇದ್ದಾರಂತೆ. "ನಿಮ್ಮ ಕನ್ನಡ ಸಂಘದ ಭಾಷಣಗಾರರಂಥಾವ್ರು ನಮ್ಮಾಗೂ ಅದಾರ. ಆದ್ರ ಎಲ್ಲಾರ ಮಾತೂ ಒಂದ ಹಾಳಿ ಮ್ಯಾಲ ಅಕ್ಕಪಕ್ಕ ಅಚ್ಚು ಹಾಕ್ತಾರ. ಯಾರೂ ಕಥೀನ ಹರದು ಒಗದಿಲ್ಲ" ಎಂದು ನಕ್ಕರು.

ಇನ್ನು ನಾನೇ ಮಾಡಿದ ಒಂದು ಭಾಷಣದ ವಿಷಯ, ಅದಕ್ಕೂ ಮೊದಲು ನನ್ನಪ್ಪನದು. ನಾನು ಯಾರ ಮಗ ಎಂದು ಮೊದಲ ವಾರವೇ ಕೇಳಿದ್ದರು. ಅಪ್ಪನ ಹೆಸರು ಹೇಳಿದ ಕೂಡಲೇ ಕುರ್ಚಿಯಿಂದ ಎದ್ದು ನಿಂತರು. ನನ್ನಪ್ಪ ಹುಬ್ಬಳ್ಳಿಯಲ್ಲಿ ಗಣಿತದ ಮಾಸ್ತರು, ಕಡೆಗೆ ಹೆಡ್‌ಮಾಸ್ತರು. ಇವರು ಅಪ್ಪನ ಶಿಷ್ಯ. ಮನೆಗೆ ಕರೆದು ಪುಕ್ಕಟೆ ಪಾಠ ಹೇಳಿದ್ದು, ಇವರ ಅಪ್ಪನ ಹತ್ತಿರ ಜಗಳಾಡಿ ಕಾಲೇಜಿಗೆ ಹಚ್ಚಿದ್ದು, ಎಲ್ಲ ಹೇಳಿದರು. ಮಾಸ್ತರು ಇಲ್ಲದಿದ್ದರೆ ನಾನು ವರ್ಕ್‌ಶಾಪಿನಲ್ಲಿ ಬೋಲ್ಟು ಬಿಗಿಯುತ್ತ ಮುದುಕನಾಗುತ್ತಿದ್ದೆ ಎಂದು ಕಣ್ಣು ಒದ್ದೆ ಮಾಡಿಕೊಂಡರು. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಮಾಸ್ತರನ ಮಗ' ಅಷ್ಟೆ. ಶನಿವಾರ ಸಂಜೆ ಆಕಾಶದಲ್ಲಿ ಚಿಕ್ಕೆ ಮೂಡಿ ಅವರ ವಿಶ್ರಾಂತಿಯ ದಿನ ಮುಗಿದ ಮೇಲೆ ನಮ್ಮ ಫ್ಲ್ಯಾಟಿಗೆ ನಡೆದು ಬರುತ್ತಿದ್ದರು. ನನ್ನವ್ವ ಗಿರಮಿಟ್ಟು ಮಾಡಿ ಮಿರ್ಚಿ ಕರಿಯುತ್ತಿದ್ದಳು. ಅಪ್ಪ ಹೋದ ಮೇಲೆ ಅವ್ವನನ್ನು ನನ್ನ ಹತ್ತಿರವೇ ಕರೆದುಕೊಂಡು ಬಂದಿದ್ದೆ. ಅವರು ಅವ್ವನನ್ನು ಮಾಸ್ತರ ಹೆಂಡತಿಯೆಂಬ ಗೌರವದಿಂದ 'ಬಾಯಾರ' ಎಂದು ಕರೆಯುತ್ತಿದ್ದರು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.

ಒಂದು ವರ್ಷ ಇಲ್ಲಿಯ ಕನ್ನಡಿಗರು ಶಿಕ್ಷಕರ ದಿನಾಚರಣೆಗೆ ನನ್ನನ್ನು ಮಾತಾಡಲು ಕರೆದರು. ನಾನು ಅಪ್ಪನ ಬಗ್ಗೆ ಮಾತಾಡಿದೆ. ನನ್ನಪ್ಪ ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಲಿಲ್ಲ ಎಂದು ಹೇಳಿದೆ. ಚಪ್ಪಾಳೆ ಬಿತ್ತು. ಇವರು ಮುಂದಿನ ಸಾಲಿನಲ್ಲಿ ಕೂತಿದ್ದರು, ಚಪ್ಪಾಳೆ ತಟ್ಟಿದರು. ಕೆಳಗಿಳಿದು ಹತ್ತಿರ ಹೋದಾಗ, "ಛಲೋ ಮಾತಾಡಿದಿ. ಅರ್ಧಾ ಹೇಳಿದಿ" ಎಂದರು.

ಉಳಿದ ಅರ್ಧವನ್ನು ಅವರು ಹೇಳಿದ್ದು ವಾದಿ ಕಬೀರ್‌ನ ಒಂದು ಗ್ಯಾರೇಜಿನಲ್ಲಿ. ನನ್ನ ಕಾರಿನ ಏಸಿ ಕೆಟ್ಟಿತ್ತು, ಕಂಪ್ರೆಸರ್ ಬದಲಿಸುವವರೆಗೆ ತಗಡಿನ ನೆರಳಿನಲ್ಲಿ ಸುಲೈಮಾನಿ ಚಹಾ ಹಿಡಿದು ಕೂತಿದ್ದೆವು. ಬೆವರು ಚಹಾದೊಳಗೆ ತೊಟ್ಟಿಕ್ಕುವಂಥ ಸೆಕೆ. ಅವರು ಚಸ್ಮಾ ಒರೆಸಲು ಶುರು ಮಾಡಿದರು, ಒರೆಸುತ್ತಲೇ ಇದ್ದರು.

ನನ್ನಪ್ಪನಿಗೆ ಅವ್ವನಿಗಿಂತ ಮೊದಲು ಒಬ್ಬ ಹೆಂಡತಿ ಇದ್ದಳು. ಪಾಠಕ್ಕೆ ಹೋದ ಈ ರೈಲ್ವೆ ಹುಡುಗನಿಗೆ ಪಡಸಾಲೆಯಲ್ಲಿ ಕೂಡಿಸಿ ಅವಲಕ್ಕಿ ಕೊಡುತ್ತಿದ್ದವಳು ಆಕೆ. ಆಕೆಗೆ ಫಿಟ್ಸ್ ಬರುತ್ತಿತ್ತು. ಒಂದು ದಿನ ಮಾಸ್ತರು ಈ ಹುಡುಗನನ್ನು ಕರೆದು, ಬಾಯಿಯವರು ತವರಿಗೆ ಹೋಗುತ್ತಾರೆ, ನಾಲ್ಕು ದಿವಸದ ಮಾತು, ಗದಗಿನ ಗಾಡಿ ಹತ್ತಿಸಿ ಬಾ ಎಂದರು. ರೈಲ್ವೆಯವರ ಮಗ, ಗಾಡಿಯಲ್ಲಿ ಜಾಗ ಹಿಡಿಯುವುದು ಗೊತ್ತು. ಚೀಲ ಹೊತ್ತುಕೊಂಡು ಹೋಗಿ ಕಿಟಕಿಯ ಪಕ್ಕ ಕೂಡಿಸಿದರು. ಅತ್ತ ಮನೆಯ ಹಿತ್ತಲಿನ ತಂತಿಯ ಮೇಲೆ ಆಕೆಯ ಸೀರೆ ಇನ್ನೂ ಒಣಗುತ್ತಿತ್ತು. ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿರು, ನಾಲ್ಕು ದಿವಸಕ್ಕೆ ಬರುತ್ತೇನೆ ಎಂದು ಆಕೆ ಕಿಟಕಿಯಿಂದ ಹೇಳಿದಳಂತೆ.

"ನಾಲ್ಕನೇ ದಿವಸ ಸ್ಟೇಶನ್ನಿಗೆ ಹೋದೆ. ಬರಲಿಲ್ಲ. ಐದನೇ ದಿವಸಾನೂ ಹೋದೆ. ಮರುದಿವಸಾನೂ. ಆಮ್ಯಾಲ ಮಾಸ್ತರ ನನ್ನ ಕರದು, 'ಇನ್ನ ಸ್ಟೇಶನ್ನಿಗೆ ಹೋಗಬ್ಯಾಡ' ಅಂದ್ರು. ಅಷ್ಟ ಅಂದ್ರು. ಅವತ್ತ ಗೊತ್ತಾತು ನನಗ, ನಾಲ್ಕು ದಿವಸದ ಮಾತು ಸುಳ್ಳಂತ."

ನಾನು ಎದ್ದು ನಿಂತೆ. ಸತ್ತವರ ಮೇಲೆ ಗೂಬೆ ಕೂರಿಸಬೇಡಿ, ನನ್ನಪ್ಪನ ಉಪ್ಪು ತಿಂದವರು ನೀವು ಎಂದೆ. ಇನ್ನೂ ಏನೇನೋ ಅಂದೆ. ಅವರು, ಉಪ್ಪು ತಿಂದಿದ್ದಕ್ಕೇ ಹೇಳುತ್ತಿದ್ದೇನೆ ಎಂದರು. ಕಂಪ್ರೆಸರ್ ಹಾಕಿದ ಮಲಬಾರಿ ಮೆಕ್ಯಾನಿಕ್ ಬಂದು "ಖಲಾಸ್" ಎಂದ. ದಾರಿಯುದ್ದಕ್ಕೂ ಏಸಿ ತಂಪಾಗಿ ಬೀಸಿತು.

ಅವರ ಮೇಲೆ ಸಿಟ್ಟು ಬಂದದ್ದು ಅವರು ಸುಳ್ಳು ಹೇಳಿದರೆಂದಲ್ಲ. ನಿಜವೆಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ಒಂದು ಹಿತ್ತಾಳೆಯ ತಂಬಿಗೆ ಇದೆ. ನಮ್ಮ ಕಡೆ ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಾರೆ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದೇ ಆ ಪಾತ್ರೆಗಳ ಮೇಲೆ. ತಂಬಿಗೆಯ ಮೇಲಿನ ಹೆಸರು ಅವ್ವನದಲ್ಲ. ಇದು ಯಾರದವ್ವಾ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಮದುವೆಯಲ್ಲಿ ಯಾರೋ ಆಹೇರ ಕೊಟ್ಟದ್ದು ಎಂದಿದ್ದಳು. ಆ ಹೆಸರನ್ನು ಇಲ್ಲಿ ಈಗಲೇ ಹೇಳುವುದಿಲ್ಲ, ಹೇಳಬೇಕಾದ ಜಾಗದಲ್ಲಿ ಹೇಳುತ್ತೇನೆ. ಮಸ್ಕತ್ತಿಗೆ ಬರುವಾಗ ಅವ್ವ ಬೇರೆಲ್ಲ ಹಿತ್ತಾಳೆ ಬಿಟ್ಟು ಅದೊಂದನ್ನು ತಂದಿದ್ದಳು. ಪ್ರತಿ ವರ್ಷ ಪಕ್ಷಮಾಸದಲ್ಲಿ ನಾನು ಅಪ್ಪನಿಗೆ ತರ್ಪಣ ಬಿಡುವುದು ಅದೇ ತಂಬಿಗೆಯ ನೀರಿನಿಂದ.

ನಮ್ಮದು ಫೋನಿನ ತರ್ಪಣ. ಮವಾಲೇಹ್ ಮಾರ್ಕೆಟ್ಟಿನಿಂದ ಬಾಳೆಎಲೆ, ಊರಿಂದ ತಂದ ದರ್ಭೆ, ಕರಿ ಎಳ್ಳು. ಪಡಸಾಲೆಯ ಟೈಲ್ಸಿನ ಮೇಲೆ ನಾನು, ಗೋಡೆಗೆ ಒರಗಿಸಿದ ಫೋನಿನಲ್ಲಿ ಧಾರವಾಡದ ಆಚಾರ್ಯರು. ನೀರು ನಮ್ಮದೇ ಸ್ಥಾವರದ್ದು. "ನಾ ಪಾಸ್ ಮಾಡಿದ ನೀರು ಮಾಸ್ತರಗ ಮುಟ್ಟತೈತಿ ಅನ್ನು" ಎಂದು ಲ್ಯಾಬಿನಲ್ಲಿ ನಮ್ಮ ಸರ್ ಹೆಮ್ಮೆ ಪಡುತ್ತಿದ್ದರು. ತರ್ಪಣದಲ್ಲಿ ಸತ್ತವರನ್ನೆಲ್ಲ ಸಾಲಾಗಿ ನೆನೆಯಬೇಕು. ಅಪ್ಪ, ಅಜ್ಜ, ಮುತ್ತಜ್ಜ, ಅಜ್ಜಿಯರು. ಆಮೇಲೆ ಆಚಾರ್ಯರು ಕೇಳುತ್ತಾರೆ: ಸಾಪತ್ನ ಮಾತೃ? ಅಂದರೆ ಅಪ್ಪನ ಇನ್ನೊಬ್ಬ ಹೆಂಡತಿ, ಮಲತಾಯಿ, ಯಾರಾದರೂ ತೀರಿಕೊಂಡಿದ್ದರೆ. ನಾನು ಇಲ್ಲ ಎನ್ನುತ್ತಿದ್ದೆ, ಅವರು ಮುಂದಕ್ಕೆ ಹೋಗುತ್ತಿದ್ದರು.

ಈ ಪ್ರಶ್ನೆಯ ಸಂಗತಿ ನಮ್ಮ ಸರ್‌ಗೆ ಗೊತ್ತಿತ್ತು. ನಮ್ಮ ಪಕ್ಷಮಾಸ ಮುಗಿಯುವ ಹೊತ್ತಿಗೆ ಬಹುತೇಕ ಅವರ ಹೊಸ ವರ್ಷ, ಅದರ ಹತ್ತನೇ ದಿನಕ್ಕೆ ಅವರ ದೊಡ್ಡ ಉಪವಾಸ. ಇಬ್ಬರೂ ಒಂದೇ ಕಾಲಕ್ಕೆ ಹಿರಿಯರ ಲೆಕ್ಕ ನೋಡುತ್ತೇವೆ ಎಂದು ನಗುತ್ತಿದ್ದರು. ಉಪವಾಸದ ದಿನ ಹೊಟ್ಟೆನೋವೆಂದು ರಜೆ ಹಾಕುತ್ತಿದ್ದರು. ತಪ್ಪೊಪ್ಪಿಕೊಳ್ಳುವ ದಿವಸವೇ ಸುಳ್ಳು ಹೇಳಿ ರಜೆ ಹಾಕುವ ಯೆಹೂದಿ ನಾನೊಬ್ಬನೇ ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ನನ್ನ ಸಿಟ್ಟು ಇಳಿದ ಮೇಲೆ ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಅವರು ಮಾತು ತೆಗೆದರು. ಅಪ್ಪನ ಆ ಮೊದಲ ಹೆಂಡತಿ ತವರಿನಲ್ಲೇ, ತಮ್ಮನ ಮನೆಯಲ್ಲಿ, ಕೆಲವು ವರ್ಷದ ಹಿಂದೆ ತೀರಿಕೊಂಡಳೆಂದು ಹಳೆಯ ರೈಲ್ವೆ ಗೆಳೆಯರೊಬ್ಬರಿಂದ ತಿಳಿದುಕೊಂಡಿದ್ದರು. ಆಕೆಗೆ ಮಕ್ಕಳಿಲ್ಲ. ನೀರು ಬಿಡುವವರು ಯಾರೂ ಇಲ್ಲ. ಈ ಸಲ ಆಚಾರ್ಯರು ಕೇಳಿದಾಗ ಇಲ್ಲ ಎನ್ನಬೇಡ ಎಂದರು.

ನಮ್ಮ ಪುರಾಣದಲ್ಲೂ ತಪ್ಪು ಮಾಡದವರು ಯಾರಿದ್ದಾರೆ ಸರ್, ಅದನ್ನೆಲ್ಲ ಕೆದಕಿ ಏನು ಬಂತು ಎಂದೆ. ಪುರಾಣ ಬಿಡು, ನಿಮ್ಮಪ್ಪನ ಮಾತಾಡು ಎಂದು ರೇಗಿದರು. ಆಮೇಲೆ ಯೆಹೂದ ಎಂಬ ತಮ್ಮ ಹಿರಿಯನ ಕಥೆ ಹೇಳಿದರು. ಅವನು ಅಣ್ಣತಮ್ಮಂದಿರ ಜೊತೆ ಸೇರಿ ತಮ್ಮನನ್ನು ಮಾರಿದ. ತಮ್ಮನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ, ಇದು ನಿನ್ನ ಮಗನದೇನು ಗುರುತು ಹಿಡಿ ಎಂದು ಮುದಿ ತಂದೆಯ ಮುಂದೆ ಒಡ್ಡಿದರು. ಮುಂದೆ ಅದೇ ಯೆಹೂದ ವಿಧವೆ ಸೊಸೆಗೆ ಕೊಟ್ಟ ಮಾತು ತಪ್ಪಿ, ತವರಿಗೆ ಅಟ್ಟಿ ಮರೆತುಬಿಟ್ಟ. ಕಡೆಗೆ ಅವಳು ಮುಸುಕು ಹಾಕಿಕೊಂಡು ಅವನಿಂದಲೇ ಬಸಿರಾದಳು; ಜಾರೆಯೆಂದು ಅವನೇ ಅವಳನ್ನು ಸುಡಲು ಹೇಳಿದಾಗ, ಅವನು ಒತ್ತೆಯಿಟ್ಟಿದ್ದ ಕೋಲನ್ನು ಅವನಿಗೆ ಕಳಿಸಿ, ಇದು ಯಾರದು ಗುರುತು ಹಿಡಿ ಎಂದಳು. ಎಲ್ಲರೆದುರು ಅವನು, ಆಕೆ ನನಗಿಂತ ನ್ಯಾಯವಂತೆ ಎಂದ.

"ಹನ್ನೆರಡು ಮಂದಿ ಅಣ್ಣತಮ್ಮರೊಳಗ ನಮಗ ಅವನ ಹೆಸರ ಯಾಕ ಬಂತು? ಅವ ಶುದ್ಧ ಇದ್ದನಂತಲ್ಲ. ಬಾಯಿ ಬಿಟ್ಟು ಹೇಳಿದ, ಅದಕ್ಕ ಅಂತ ನಮ್ಮಪ್ಪ ಹೇಳ್ತಿದ್ದ. ಉಪವಾಸದ ದಿವಸ ನಾವು ಅಂತೀವಿ: ನಾವೂ ನಮ್ಮ ಹಿರೇರೂ ತಪ್ಪು ಮಾಡೀವಿ. ನಾನು ಅನ್ನೂದಿಲ್ಲ, ನಾವು. ಮಾಡಿದಾಂವ ಒಬ್ಬನ ನಿಂದರಬಾರದಂತ ಎಲ್ಲಾರೂ ಕೂಡಿ ಅಂತೀವಿ. ಗಾಡಿ ಹತ್ತಿಸಿದಾಂವ ನಾನು. ನಾ ಪ್ರತಿ ವರ್ಷ ಆಕಿ ಹೆಸರು ಹೇಳ್ತೀನಿ. ಆದ್ರ ನಾ ಆಕಿಗೆ ಯಾರೂ ಅಲ್ಲ. ನೀ ಮಗ."

ಹೇಳುತ್ತೇನೆ ಸರ್ ಎಂದೆ. ಆ ಹೊತ್ತಿಗೆ ಮನಸ್ಸಿನಿಂದಲೇ ಅಂದೆ.

ಆ ವರ್ಷದ ಪಕ್ಷದಲ್ಲಿ ಆಚಾರ್ಯರು ಕೇಳಿದರು. ಅಡಿಗೆಮನೆಯಲ್ಲಿ ಅವ್ವ ಪಾಯಸ ತಿರುವುತ್ತಿದ್ದಳು, ಸೌಟಿನ ಸದ್ದು ಕೇಳುತ್ತಿತ್ತು. ಈ ವಯಸ್ಸಿನಲ್ಲಿ ಅವ್ವನಿಗೆ ಯಾಕೆ ನೋವು ಕೊಡಬೇಕು ಎಂದುಕೊಂಡೆ. ಇಲ್ಲ ಎಂದೆ. ಹಬ್ಬಗಳೆಲ್ಲ ಮುಗಿದು ಕೆಲಸಕ್ಕೆ ಬಂದ ದಿನ ಅವರು, "ಹೇಳಿದೇನು?" ಎಂದು ಕೇಳಿದರು. ಹೇಳಿದೆ ಸರ್ ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಪ್ಪನಿಗೂ 'ನಾಲ್ಕು ದಿವಸದ ಮಾತು' ಎಂಬುದು ಹೀಗೆಯೇ ಸಲೀಸಾಗಿ ಬಂದಿರಬೇಕು. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಆ ಶನಿವಾರ ಚಿಕ್ಕೆ ಮೂಡಿದ ಮೇಲೆ ದೊಡ್ಡ ಪಾತ್ರೆ ಹಿಡಿದುಕೊಂಡು ಬಂದರು. ಮಲೀದಾ. ಅವಲಕ್ಕಿಗೆ ಸಕ್ಕರೆ, ಹಸಿ ಕೊಬ್ಬರಿ, ಯಾಲಕ್ಕಿ ಕಲಸಿ, ಮೇಲೆ ಹಣ್ಣು ಇಟ್ಟಿದ್ದು. ಕೋರಿಕೆ ಈಡೇರಿದರೆ ತಮ್ಮ ಪ್ರವಾದಿಯೊಬ್ಬನ ಹೆಸರಿನಲ್ಲಿ ಅವರ ಜನ ಮಾಡುವ ಪ್ರಸಾದ ಅದು. ಅಷ್ಟರಲ್ಲಿ ಕೆಳಗಿನ ಮನೆಯವರು ಕಾರು ಅಡ್ಡ ಇದೆ ಎಂದು ಫೋನ್ ಮಾಡಿದರು, ನಾನು ಇಳಿದು ಹೋದೆ. ಜಾಗ ಸಿಗದೆ ಎರಡು ಸುತ್ತು ಹಾಕಿ ಬರುವಷ್ಟರಲ್ಲಿ ಅವರು ಕಿಟಕಿಯ ಹತ್ತಿರ ನಿಂತು ಚಸ್ಮಾ ಒರೆಸುತ್ತಿದ್ದರು. ಅವ್ವ ತಲೆ ತಗ್ಗಿಸಿ ತಟ್ಟೆ ಜೋಡಿಸುತ್ತಿದ್ದಳು. ಅವರು ಚಸ್ಮಾ ಹಾಕಿಕೊಂಡು, ನನ್ನ ತಟ್ಟೆಗೆ ತಾವೇ ಅವಲಕ್ಕಿ ಬಡಿಸಿದರು. ಜುಗ್ಗ ಮನುಷ್ಯ, ಅವತ್ತು ತಟ್ಟೆ ತುಂಬಿ ಚೆಲ್ಲುವಷ್ಟು ಹಾಕಿದರು. ಒಂದಗುಳೂ ಬಿಡದೆ ತಿಂದೆ. ಅದಾದ ಮೇಲೆ ಅವರು ನನ್ನನ್ನು ಆ ಪ್ರಶ್ನೆ ಕೇಳಲೇ ಇಲ್ಲ. ನಂಬಿದ್ದಾರೆ ಎಂದುಕೊಂಡೆ. ಪ್ರತಿ ವರ್ಷ ಇಲ್ಲ ಎನ್ನುತ್ತಲೇ ಹೋದೆ.

ನಿವೃತ್ತರಾಗಿ ಮುಂಬೈಯಲ್ಲಿ ಮಗಳ ಮನೆಗೆ ಹೋದರು. ವಿಮಾನ ನಿಲ್ದಾಣದಲ್ಲಿ ಅಪ್ಪಿಕೊಂಡಾಗ ಹೇಳಿಬಿಡೋಣ ಎನ್ನಿಸಿತು. ಅವರ ಬ್ಯಾಗು ತಳ್ಳಿಕೊಂಡು ಮುಂದೆ ನಡೆದೆ. ಆಮೇಲೆ ಫೋನಿನಲ್ಲಿ ಹೇಳೋಣ ಎಂದುಕೊಂಡೆ. ಅವರು ಫೋನ್ ಮಾಡಿದಾಗಲೆಲ್ಲ ನೀರಿನ ವಿಷಯ, ರೌಂಡಬೌಟಿನ ವಿಷಯ ಮಾತಾಡಿ ಇಟ್ಟುಬಿಟ್ಟೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ತಿಂಗಳು ಕಳೆಯುವಷ್ಟರಲ್ಲಿ ಪಕ್ಷಮಾಸ ಬಂತು.

ಅದೇ ಟೈಲ್ಸು, ಅದೇ ಫೋನು, ಅದೇ ತಂಬಿಗೆ. ಅಪ್ಪನಿಗೆ, ಅಜ್ಜನಿಗೆ, ಮುತ್ತಜ್ಜನಿಗೆ ನೀರು ಬಿಟ್ಟೆ. ಆಚಾರ್ಯರು, "ಸಾಪತ್ನ ಮಾತೃ?" ಎಂದರು. ನನ್ನ ಬಾಯಿಂದ ಇಲ್ಲ ಎಂದು ಬರಲಿಲ್ಲ. ಇದ್ದಾರೆ ಎಂದೂ ಬರಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಆಚಾರ್ಯರು ಹಲೋ ಹಲೋ ಅನ್ನತೊಡಗಿದರು. ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಇಲ್ಲ ಅನಬ್ಯಾಡೋ. ಕೈಯಾಗ ತಂಬಿಗಿ ಹಿಡದೀಯಲ್ಲ, ಅದರ ಮ್ಯಾಲ ಹೆಸರದ. ಓದು."

ಓದಿದೆ. ತುಂಗಾಬಾಯಿ. ಆಚಾರ್ಯರು ಗೋತ್ರ ಕೇಳಲಿಲ್ಲ. ಗಂಡನ ಗೋತ್ರವೇ ಆಕೆಯದೂ, ನಮ್ಮದೇ. ಎಳ್ಳು ನೀರು ಬಿಡುವಾಗ ಅರ್ಧ ನೀರು ಟೈಲ್ಸಿನ ಮೇಲೆ ಹೋಯಿತು.

ಊಟವಾದ ಮೇಲೆ ಅವ್ವನ ಹತ್ತಿರ ಕೂತೆ. ನಿನಗೆ ಯಾವಾಗಿಂದ ಗೊತ್ತು ಎಂದೆ. ಮದುವೆಯಾಗಿ ಬಂದ ದಿವಸದಿಂದ ಎಂದಳು. ತಂತಿಯ ಮೇಲೆ ಬಿಟ್ಟುಹೋದ ಸೀರೆಯನ್ನು ಯಾರೋ ಮಡಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಅಪ್ಪನ ಮೇಲೆ ನಿನಗಿದ್ದ ಗೌರವ ಹೋಗಬಾರದೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದಳು. ನಾನು ಅವ್ವನ ನೆಪ ಹಿಡಿದು ಸುಮ್ಮನಿದ್ದೆ, ಅವ್ವ ನನ್ನ ನೆಪ ಹಿಡಿದು. ನನಗೆ ತಡೆಯಲಾಗಲಿಲ್ಲ. ತರ್ಪಣದಲ್ಲಿ ಹೆಸರು ಹೇಳಿದ್ದೇನೆ ಎಂದು ಸರ್‌ಗೆ ಸುಳ್ಳು ಹೇಳಿದ್ದೆ ಅವ್ವ, ಅದನ್ನೇ ನಂಬಿಕೊಂಡು ಹೋಗಿಬಿಟ್ಟರು ಎಂದೆ.

ಅವ್ವ ತಂಬಿಗೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಅವರಿಗೆ ಗೊತ್ತಿತ್ತು. ಅವಲಕ್ಕಿ ತಂದ ದಿವಸ ನೀ ಕಾರ್ ತಗೀಲಿಕ್ಕೆ ಹೋದಾಗ ಕೇಳಿದ್ರು, ಹೆಸರು ಹೇಳಿದ್ದು ನೀವೂ ಕೇಳಿದ್ರೇನು ಬಾಯಾರ ಅಂತ. ನಾ ಸುಳ್ಳು ಹ್ಯಾಂಗ ಹೇಳ್ಲಿ? ಇಲ್ಲ, ಅವ ಹೇಳಿಲ್ಲ ಅಂದೆ."

ಅವರು ಏನಂದರು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವ್ವ ತಾನೇ ಹೇಳಿದಳು.

"'ಹೇಳ್ತಾನ ಬಿಡ್ರಿ. ಮಾಸ್ತರನ ಮಗ, ತಡಾ ಮಾಡ್ತಾನ, ಆದ್ರ ಹೇಳ್ತಾನ' ಅಂದ್ರು. ಅಷ್ಟರಾಗ ನೀ ಬಂದಿ. ನಿನಗ ಎಲ್ಲಾರಕಿಂತ ಹೆಚ್ಚು ಬಡಿಸಿದ್ರು."